ಕುಂಬ್ಳೆಯ ಬ್ಯಾಂಡೇಜು, ನಮ್ಮ ಕೀಪರ್‌ನ ಕೆನ್ನೆ

ದೆಹಲಿಯಲ್ಲಿರುವ ಕನ್ನಡಿಗರಿಗೆ ಅನಿಲ್ ಕುಂಬ್ಳೆ ಎಂದರೆ ಮೊದಲು ನೆನಪಾಗುವುದು ಫಿರೋಜ್ ಶಾ ಕೋಟ್ಲಾ. 1999ರ ಫೆಬ್ರವರಿ 7, ಪಾಕಿಸ್ತಾನದ ಎರಡನೇ ಇನಿಂಗ್ಸ್, 26.3 ಓವರ್, 74 ರನ್, ಹತ್ತಕ್ಕೆ ಹತ್ತು ವಿಕೆಟ್. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ನಮ್ಮ ಶ್ರೀನಾಥ್ ಬೇಕೆಂದೇ ಸ್ಟಂಪ್‌ನಿಂದ ದೂರ ದೂರ ಎಸೆದದ್ದನ್ನು ಹೇಳದೆ ಆ ಕತೆ ಮುಗಿಯುವುದಿಲ್ಲ.

ಆದರೆ ರೋಹಿಣಿಯ ನಮ್ಮ ಭಾನುವಾರದ ಕ್ರಿಕೆಟ್ ತಂಡದ ವಾಟ್ಸಾಪ್ ಗುಂಪಿನ ಚಿತ್ರ ಕೋಟ್ಲಾದ್ದಲ್ಲ. ಅದು 2002ರ ಮೇ ತಿಂಗಳ ಆಂಟಿಗಾ ಟೆಸ್ಟಿನದು. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಕುಂಬ್ಳೆಯ ದವಡೆ ಮುರಿದಿತ್ತು. ತಲೆಯಿಂದ ಗದ್ದದವರೆಗೆ ಬಿಳಿ ಬ್ಯಾಂಡೇಜು ಸುತ್ತಿಕೊಂಡು ಬಂದು 14 ಓವರ್ ಎಸೆದರು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದರು. ಆ ಚಿತ್ರ ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ನನ್ನ ತಕರಾರು ಕುಂಬ್ಳೆಯವರ ಮೇಲಲ್ಲ, ಚಿತ್ರದ ಮೇಲೆ. ಅದು ಅರ್ಧ ಕತೆ ಮಾತ್ರ ಹೇಳುತ್ತದೆ. ಆ ಮನುಷ್ಯ ಮೈದಾನಕ್ಕಿಳಿಯುವ ಹೊತ್ತಿಗೆ ಎಕ್ಸ್‌ರೇ ಆಗಿತ್ತು, ದವಡೆ ಮುರಿದಿದೆ ಎಂದು ಗೊತ್ತಾಗಿತ್ತು, ಬೆಂಗಳೂರಿಗೆ ಹಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ನಿಶ್ಚಯವಾಗಿತ್ತು. ಮುಂದೆ ಹಾಗೆಯೇ ಆಯಿತು. ಬೆಂಗಳೂರಿನ ಆಸ್ಪತ್ರೆಯ ಚಿತ್ರವನ್ನು ಮಾತ್ರ ಯಾರೂ ಗುಂಪಿಗೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಮುಖಕ್ಕೆ ಏಟು ಬಿದ್ದರೆ ಬಟ್ಟೆ ಕಟ್ಟಿಕೊಂಡು ಆಡುವುದೇ ಮರ್ಯಾದೆ ಎನ್ನುವ ಭಾವನೆ ನಮ್ಮಂಥ ಹವ್ಯಾಸಿಗಳ ತಲೆಯಲ್ಲಿ ಕೂತಿದೆ.

ನಮ್ಮ ತಂಡದ ಬಗ್ಗೆ ಸ್ವಲ್ಪ ಹೇಳಬೇಕು. ರೋಹಿಣಿ ದೆಹಲಿಯ ವಾಯವ್ಯದ ಮೂಲೆ. ಕರ್ನಾಟಕ ಸಂಘ ಇರುವುದು ರಾಮಕೃಷ್ಣಪುರದಲ್ಲಿ, ಕನ್ನಡ ಶಾಲೆ ಲೋಧಿ ಎಸ್ಟೇಟಿನಲ್ಲಿ. ಎರಡೂ ನಮಗೆ ಊರಾಚೆ. ಯುಗಾದಿಗೋ ರಾಜ್ಯೋತ್ಸವಕ್ಕೋ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ. ಅದಕ್ಕೇ ಸುತ್ತಲಿನ ಸೆಕ್ಟರ್‌ಗಳ ಹದಿನೈದಿಪ್ಪತ್ತು ಕನ್ನಡಿಗರು ಭಾನುವಾರ ಬೆಳಗ್ಗೆ ಆರಕ್ಕೆ ಬಾಡಿಗೆ ಮೈದಾನದಲ್ಲಿ ಸೇರುತ್ತೇವೆ. ಗುರುಗ್ರಾಮಕ್ಕೆ ದಿನಾ ಮೆಟ್ರೋದಲ್ಲಿ ಜೀವ ಸವೆಸುವ ನನ್ನಂಥ ಐಟಿಯವರು, ಒಬ್ಬ ಬ್ಯಾಂಕ್ ಅಧಿಕಾರಿ, ಕೇಂದ್ರ ಸರ್ಕಾರದ ಇಬ್ಬರು ಸೆಕ್ಷನ್ ಆಫೀಸರುಗಳು, ಒಬ್ಬ ಕೇಂದ್ರೀಯ ವಿದ್ಯಾಲಯದ ಮೇಷ್ಟ್ರು. ಎಲ್ಲರಿಗೂ ಹಿರಿಯರು ಧಾರವಾಡದ ಕಾಕಾ. ನಿವೃತ್ತರಾಗಿದ್ದರೂ ಸ್ಲಿಪ್ ಬಿಟ್ಟು ಕದಲುವುದಿಲ್ಲ. ಮೊದಲು ಟೆನಿಸ್ ಬಾಲ್ ಇತ್ತು. ಎರಡು ವರ್ಷದ ಹಿಂದೆ ಪಕ್ಕದ ಸೆಕ್ಟರಿನ ಪಂಜಾಬಿ ತಂಡ ಸವಾಲು ಹಾಕಿತೆಂದು ಲೆದರ್ ಬಾಲ್‌ಗೆ ಬಂದೆವು. ಬಾಲ್ ಬದಲಾಯಿತು, ಕಿಟ್ ಬದಲಾಗಲಿಲ್ಲ: ಎರಡು ಜೊತೆ ಪ್ಯಾಡು, ಒಂದು ಹೆಲ್ಮೆಟ್ಟು. ಅದು ಸ್ಟ್ರೈಕಿನಲ್ಲಿರುವವನ ತಲೆ ಮೇಲೆ.

ಕಳೆದ ದಸರಾ ಮುಗಿದ ಮೇಲಿನ ಭಾನುವಾರ, ನಮ್ಮ ಕೀಪರ್ ಸ್ಪಿನ್ನರ್‌ಗೆ ಸ್ಟಂಪಿನ ಹತ್ತಿರ ನಿಂತಿದ್ದ. ಶಿವಮೊಗ್ಗ ಕಡೆಯವನು, ನನಗಿಂತ ಎರಡು ವರ್ಷ ಚಿಕ್ಕವನು. ಬ್ಯಾಟಿನ ಮೇಲಂಚಿಗೆ ತಾಗಿದ ಚೆಂಡು ಎಡಗಣ್ಣಿನ ಕೆಳಗೆ ಬಡಿಯಿತು. ಅವನು ಬೀಳಲಿಲ್ಲ. ಕೂತು, ಎದ್ದು, "ಏನಾಗ್ಲಿಲ್ಲ ಮಾರಾಯ" ಅಂದ. ಹುಬ್ಬಿನ ಹತ್ತಿರ ಸಣ್ಣ ಗಾಯ, ರಕ್ತ. ಕಾಕಾ ಅವನ ಹೆಂಡತಿಗೆ ಫೋನ್ ಮಾಡಿ, "ಗಾಬರಿ ಆಗಬ್ಯಾಡವಾ, ಗಲ್ಲಕ್ಕ ಬಾಲ್ ಬಡದೈತಿ" ಅಂದರು. ಧಾರವಾಡದಲ್ಲಿ ಗಲ್ಲ ಎಂದರೆ ಕೆನ್ನೆ, ಶಿವಮೊಗ್ಗ-ಮೈಸೂರು ಕಡೆ ಗದ್ದ. ಆಕೆ ಬಂದು ಗದ್ದ ನೋಡಿ ಏನೂ ಆಗಿಲ್ಲವೆಂದು ನಿಟ್ಟುಸಿರು ಬಿಟ್ಟು, ಆಮೇಲೆ ಕಣ್ಣು ನೋಡಿದಳು.

ಮನೆ ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಎರಡು ಹೊಲಿಗೆ ಹಾಕಿ, ಒಂದು ಎಕ್ಸ್‌ರೇ ತೆಗೆದು, ಮುರಿದಿಲ್ಲ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಅಲ್ಲಿ ಒಂದು ಮಾತು ತಪ್ಪಿಹೋಯಿತು. ಎಡಗೆನ್ನೆ, ಮೂಗಿನ ಪಕ್ಕ, ಮೇಲ್ದುಟಿ ಜೋಮು ಹಿಡಿದ ಹಾಗಿದೆ ಎಂಬುದನ್ನು ಅವನು ಹಿಂದಿಯಲ್ಲಿ "ಝನ್‌ಝನಾಹಟ್" ಎಂದ. ಚುಮುಚುಮು ಅನ್ನುತ್ತಿದೆ ಎಂದಷ್ಟೇ ಅದರ ಅರ್ಥ. ಏಟು ಬಿದ್ದ ಜಾಗ ಚುಮುಗುಟ್ಟದೆ ಇರುತ್ತದೆಯೇ ಎಂದು ಕರ್ತವ್ಯದಲ್ಲಿದ್ದ ವೈದ್ಯರು ಬಿಟ್ಟರು. ಹೇಳಬೇಕಿದ್ದದ್ದು "ಸುನ್ನ್". ಹದಿನೈದು ವರ್ಷ ದೆಹಲಿಯಲ್ಲಿದ್ದು ಮೀಟಿಂಗ್ ನಡೆಸುವಷ್ಟು ಹಿಂದಿ ಬಂದರೂ ನೋವಿನ ಹಿಂದಿ ಬಂದಿರುವುದಿಲ್ಲ. ಮುಖದ ಮಟ್ಟಿಗೆ ಮೂರು ಮಾತು ಕಲಿತಿರಿ: ಸ್ಪರ್ಶವೇ ಇಲ್ಲ ಎನ್ನಲು "ಸುನ್ನ್ ಹೋ ಗಯಾ ಹೈ", ಒಂದು ಎರಡಾಗಿ ಕಾಣುತ್ತಿದ್ದರೆ "ದೋ-ದೋ ದಿಖ್ ರಹಾ ಹೈ", ಹಲ್ಲು ಮೊದಲಿನಂತೆ ಕೂಡುತ್ತಿಲ್ಲ ಎನ್ನಲು "ದಾಂತ್ ಪಹಲೇ ಜೈಸೇ ನಹೀಂ ಮಿಲ್ ರಹೇ". ಮುಖದ ಮೂಳೆ ಮುರಿತಕ್ಕೆ ಈ ಮೂರಕ್ಕಿಂತ ಒಳ್ಳೆಯ ಸುಳಿವು ರೋಗಿಯ ಬಾಯಿಂದ ಬರುವುದು ಕಷ್ಟ.

ಬುಧವಾರ ಬಾವು ಇಳಿಯಿತು. ಎಡಗೆನ್ನೆ ಚಪ್ಪಟೆಯಾಗಿತ್ತು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಅವನಿಗೆ ಆಗ ಹೆದರಿಕೆಯಾಯಿತು. ಅವತ್ತೇ ನಾನು ಅವನನ್ನು ಮ್ಯಾಕ್ಸಿಲೋಫೇಶಿಯಲ್ ಸರ್ಜನ್ ಒಬ್ಬರ ಬಳಿ ಕರೆದುಕೊಂಡು ಹೋದೆ.

ಈ ವೈದ್ಯರು ಯಾರು ಎಂಬುದೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕಲಿಕೆಯಲ್ಲಿ ಅವರು ದಂತವೈದ್ಯರು. ಬಿಡಿಎಸ್ ಆದಮೇಲೆ ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿರುತ್ತಾರೆ. "ಕೆನ್ನೆಗೆ ಪೆಟ್ಟಾದರೆ ಹಲ್ಲಿನ ಡಾಕ್ಟರು ಯಾಕೆ?" ಎಂದು ಕೀಪರ್‌ನ ಅಪ್ಪ ಊರಿಂದ ಫೋನಿನಲ್ಲಿ ಕೇಳಿದರು. ಯಾಕೆಂದರೆ ಮುಖದ ಮೂಳೆಗಳು ಸರಿಯಾಗಿ ಕೂತಿವೆಯೇ ಎಂಬುದಕ್ಕೆ ಹಲ್ಲಿನ ಸಾಲಿಗಿಂತ ನಿಖರವಾದ ಅಳತೆಗೋಲು ಇಲ್ಲ. ಆ ಅಳತೆ ಅವರ ಕೈಯಲ್ಲಿರುತ್ತದೆ. ಪ್ಲಾಸ್ಟಿಕ್ ಸರ್ಜನ್ನರೂ ಈ ಕೆಲಸ ಮಾಡುತ್ತಾರೆ. ದೆಹಲಿಯಲ್ಲಿ ಸರ್ಕಾರಿ ವ್ಯವಸ್ಥೆ ಬೇಕೆಂದರೆ ಏಮ್ಸ್‌ನ ಟ್ರಾಮಾ ಸೆಂಟರ್ ಇದೆ, ದಿಲ್ಲಿ ಗೇಟ್ ಹತ್ತಿರ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆ ಇದೆ. ರೋಹಿಣಿಯವರಿಗೆ ಸೆಕ್ಟರ್ 6ರ ಅಂಬೇಡ್ಕರ್ ಆಸ್ಪತ್ರೆ ಹತ್ತಿರದ್ದು.

ಆ ಸರ್ಜನ್ ಮೊದಲು ಮಾಡಿದ ಕೆಲಸ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಅವನನ್ನು ಕೂರಿಸಿ, ತಾವು ಅವನ ಬೆನ್ನ ಹಿಂದೆ ನಿಂತು, ಮೇಲಿನಿಂದ ಬಗ್ಗಿ ಎರಡೂ ಕೆನ್ನೆ ನೋಡಿದರು. ಎದುರಿಂದ ನೋಡಿದರೆ ಬಾವು ಮೋಸ ಮಾಡುತ್ತದೆ, ನೆತ್ತಿಯಿಂದ ನೋಡಿದರೆ ಯಾವ ಕೆನ್ನೆ ಕುಸಿದಿದೆ ಎಂದು ತಿಳಿಯುತ್ತದಂತೆ. ಆಮೇಲೆ ಸಿಟಿ ಸ್ಕ್ಯಾನ್. ಕೆನ್ನೆಮೂಳೆ ನಾಲ್ಕು ಕಡೆ ಆತುಕೊಂಡು ನಿಂತಿರುವ ಮೂಳೆ: ಹಣೆಯ ಕಡೆ, ಮೇಲ್ದವಡೆಯ ಕಡೆ, ಕಿವಿಯ ಕಡೆಗೆ ಹೋಗುವ ಕಮಾನು, ಒಳಗೆ ಕಣ್ಣಿನ ಗೂಡು. ಏಟು ಬಿದ್ದಾಗ ಅದು ಇಡಿಯಾಗಿ ಒಳಕ್ಕೆ ತಿರುಗಿ ಕೂರುತ್ತದೆ. ಕಣ್ಣಿನ ಗೂಡಿನ ತಳ ಅದರ ಜೊತೆಗೇ ಬಿರುಕು ಬಿಡಬಹುದು. ಕಣ್ಣಿನ ಕೆಳಗಿಂದ ಹೊರಬರುವ ನರ ಜಜ್ಜಿದರೆ ತುಟಿಯವರೆಗೆ ಜೋಮು. ಕಮಾನು ಒಳಕ್ಕೆ ಬಾಗಿದರೆ ಅದರ ಅಡಿಯಲ್ಲಿ ಓಡಾಡುವ ಕೆಳದವಡೆಯ ಕೊನೆ ಸಿಕ್ಕಿಕೊಂಡು ಬಾಯಿ ತೆರೆಯುವುದಿಲ್ಲ. ನಮ್ಮ ಕೀಪರ್‌ಗೆ ಇದೆಲ್ಲ ಅಚ್ಚುಕಟ್ಟಾಗಿ ಆಗಿತ್ತು.

ಇಂಥ ಮುರಿತವನ್ನು ಅವತ್ತೇ ಸರಿಮಾಡಬೇಕೆಂದೇನಿಲ್ಲ, ಬಾವು ಇಳಿಯಲು ಕೆಲವು ದಿನ ಕಾಯುವುದೂ ಉಂಟು. ಆದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಆಗಬೇಕು. ತಡವಾದರೆ ಮೂಳೆ ತಪ್ಪು ಜಾಗದಲ್ಲೇ ಕೂಡಿಕೊಳ್ಳುತ್ತದೆ, ಮತ್ತೆ ಮುರಿದು ಕೂರಿಸಬೇಕಾಗುತ್ತದೆ. ಅವನಿಗೆ ಎಂಟನೆಯ ದಿನ ಶಸ್ತ್ರಚಿಕಿತ್ಸೆ ಆಯಿತು. ಮೂಳೆ ಎತ್ತಿ, ಉಗುರಿನಷ್ಟು ಸಣ್ಣ ಟೈಟಾನಿಯಂ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿದರು. ಆಮೇಲೆ ಕೆಲವು ವಾರ ಮೂಗು ಸೀಟುವಂತಿಲ್ಲ. ಸೀಟಿದರೆ ಮುರಿದ ಗೋಡೆಯ ಮೂಲಕ ಗಾಳಿ ಕಣ್ಣಿನ ಗೂಡಿಗೆ ನುಗ್ಗಿ ರೆಪ್ಪೆ ಬೆಲೂನಿನಂತೆ ಊದಿಕೊಳ್ಳುತ್ತದೆ. ದೀಪಾವಳಿಯ ಹೊಗೆಯಲ್ಲಿ ದೆಹಲಿಯಲ್ಲಿದ್ದು ಮೂಗು ಸೀಟದೆ ಇರುವುದು ಎಂಥ ಶಿಕ್ಷೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ.

ನಡುವೆ ವಿಮೆಯ ಕಿರಿಕಿರಿ. ಇದು ಸೌಂದರ್ಯ ಚಿಕಿತ್ಸೆಯೇ ಎಂದು ವಿಮೆಯವರಿಂದ ಪ್ರಶ್ನೆ ಬಂತು. ನಿಮಗೂ ಬರಬಹುದು. ಆರೋಗ್ಯ ವಿಮೆಗಳಲ್ಲಿ ಅಂದಚಂದದ ಶಸ್ತ್ರಚಿಕಿತ್ಸೆಗೆ ಹಣವಿಲ್ಲ ಎಂಬ ಷರತ್ತು ಇದೆ, ಆದರೆ ಅಪಘಾತದ ನಂತರದ ಪುನರ್‌ನಿರ್ಮಾಣಕ್ಕೆ ಅದೇ ಷರತ್ತಿನಲ್ಲಿ ವಿನಾಯಿತಿಯೂ ಇದೆ. ಬಾಯಿ ತೆರೆಯುತ್ತಿಲ್ಲ, ಸ್ಪರ್ಶವಿಲ್ಲ ಎಂದು ವೈದ್ಯರ ಚೀಟಿಯಲ್ಲಿ ಅಳತೆಸಮೇತ ಬರೆಸಿಕೊಂಡದ್ದು ಕೆಲಸಕ್ಕೆ ಬಂತು. ಮುಖದ ಗಾಯ ಎಂದ ಕೂಡಲೇ ಜನ ಮದುವೆ-ಫೋಟೋ-ಕಲೆ ಎಂದು ಯೋಚಿಸುತ್ತಾರೆ. ಉಣ್ಣುವುದು, ನೋಡುವುದು, ಉಸಿರಾಡುವುದು ಎಲ್ಲವೂ ಅಲ್ಲೇ ಇದೆ ಎಂಬುದು ವಿಮೆಯ ಗುಮಾಸ್ತನಿಗಷ್ಟೇ ಅಲ್ಲ, ನಮಗೂ ಹೊಳೆಯುವುದಿಲ್ಲ.

ಕೀಪರ್‌ಗಳ ವಿಷಯದಲ್ಲಿ ಕ್ರಿಕೆಟ್ಟಿನ ಇತಿಹಾಸವೇ ಸಾಕಷ್ಟು ಎಚ್ಚರಿಕೆ ಕೊಟ್ಟಿದೆ. 2000ದ ಮೇ ತಿಂಗಳಲ್ಲಿ ಢಾಕಾದ ಏಷ್ಯಾ ಕಪ್ ಪಂದ್ಯದಲ್ಲಿ ಸಬಾ ಕರೀಮ್ ಅವರ ಕಣ್ಣಿಗೆ ಚೆಂಡು ಬಡಿಯಿತು. ಬೌಲರ್ ಯಾರು ಗೊತ್ತೆ? ನಮ್ಮ ಕುಂಬ್ಳೆಯೇ. ಕರೀಮ್ ಅವರ ಆಟ ಅಲ್ಲಿಂದ ಹೆಚ್ಚು ಕಾಲ ನಡೆಯಲಿಲ್ಲ. 2012ರ ಜುಲೈನಲ್ಲಿ ಇಂಗ್ಲೆಂಡಿನ ಟಾಂಟನ್‌ನಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಬೌಷರ್ ಅವರ ಕಣ್ಣಿಗೆ ತಾಗಿದ್ದು ಚೆಂಡೂ ಅಲ್ಲ, ಸ್ಪಿನ್ನರ್ ಇಮ್ರಾನ್ ತಾಹಿರ್ ಎಸೆತಕ್ಕೆ ಹಾರಿದ ಬೇಲ್. 147 ಟೆಸ್ಟ್ ಆಡಿದವರು ಮರುದಿನವೇ ನಿವೃತ್ತಿ ಹೇಳಿದರು. ಇಬ್ಬರಿಗೂ ಏಟು ಬಿದ್ದದ್ದು ಸ್ಪಿನ್ ಬೌಲಿಂಗಿನಲ್ಲಿ. ವೇಗದವನಿಗೆ ಕೀಪರ್ ಹಿಂದೆ ನಿಲ್ಲುತ್ತಾನೆ, ಸಮಯ ಸಿಗುತ್ತದೆ. ಅಪಾಯ ಇರುವುದು ಹತ್ತಿರ ನಿಂತಾಗ. ದೆಹಲಿಯವರೇ ಆದ ರಮಣ್ ಲಾಂಬಾ 1998ರ ಫೆಬ್ರವರಿಯಲ್ಲಿ ಢಾಕಾದ ಕ್ಲಬ್ ಪಂದ್ಯದಲ್ಲಿ ಶಾರ್ಟ್ ಲೆಗ್‌ನಲ್ಲಿ ಹೆಲ್ಮೆಟ್ ಇಲ್ಲದೆ ನಿಂತು ತಲೆಗೆ ಏಟು ತಿಂದು ತೀರಿಕೊಂಡರು. ಅದೂ ಹತ್ತಿರದ ಜಾಗವೇ.

ಹೆಲ್ಮೆಟ್ ಇದ್ದರೆ ಸಾಕೇ ಎಂದರೆ, ಅದೂ ಇಲ್ಲ. 2014ರ ಓಲ್ಡ್ ಟ್ರಾಫರ್ಡ್ ಟೆಸ್ಟಿನಲ್ಲಿ ನಮ್ಮ ವರುಣ್ ಆ್ಯರನ್ ಎಸೆದ ಚೆಂಡು ಸ್ಟುವರ್ಟ್ ಬ್ರಾಡ್ ಅವರ ಹೆಲ್ಮೆಟ್ಟಿನ ಮುಂಚಾವಣಿಗೂ ಜಾಲರಿಗೂ ನಡುವೆ ತೂರಿ ಮೂಗು ಮುರಿಯಿತು. ಆ ಸಂದಿನ ಸಮಸ್ಯೆ ತಯಾರಕರಿಗೆ ಗೊತ್ತಿದ್ದದ್ದೇ. 2013ರಲ್ಲಿ ಬಂದ ಬ್ರಿಟಿಷ್ ಮಾನದಂಡ ಬಿಎಸ್ 7928 ಪ್ರಕಾರ ಚೆಂಡನ್ನು ನಿಜವಾಗಿ ಹೊಡೆದು ಅದು ಸಂದಿನಲ್ಲಿ ನುಗ್ಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ದೊಡ್ಡವರ ಚೆಂಡಿಗೆ ಒಂದು ಪರೀಕ್ಷೆ, ಮಕ್ಕಳ ಚೆಂಡಿಗೆ ಇನ್ನೊಂದು. ಮಕ್ಕಳ ಚೆಂಡು ಚಿಕ್ಕದು ನೋಡಿ, ದೊಡ್ಡ ಹೆಲ್ಮೆಟ್ಟಿನ ಸಂದಿನಲ್ಲಿ ಸಲೀಸಾಗಿ ತೂರಬಹುದು. ಅಕಾಡೆಮಿಗಳಲ್ಲಿ ಒಂದೇ ಹೆಲ್ಮೆಟ್ಟನ್ನು ಹತ್ತು ಹುಡುಗರು ಸರದಿಯಲ್ಲಿ ಹಾಕಿಕೊಳ್ಳುವುದನ್ನು ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಜಾಲರಿಯನ್ನು ಕೆಳಕ್ಕೆ ಬಗ್ಗಿಸಿ "ಈಗ ಬಾಲ್ ಚೆನ್ನಾಗಿ ಕಾಣ್ತದೆ" ಎನ್ನುವವರೂ ಇದ್ದಾರೆ.

ಕ್ರಿಕೆಟ್ ಬಿಟ್ಟು ಚಕ್ರಗಳಿಗೆ ಬರೋಣ. ನಮ್ಮ ಸೊಸೈಟಿಯ ಅಂಗಳದಲ್ಲಿ ಸಂಜೆ ಆರಕ್ಕೆ ಇಳಿದರೆ ಸ್ಕೇಟು, ಕಿಕ್ ಸ್ಕೂಟರು, ಬ್ಯಾಟರಿ ಸ್ಕೂಟರು, ಗೇರ್ ಸೈಕಲ್ಲು. ಅರ್ಧದಷ್ಟು ಮಕ್ಕಳ ತಲೆ ಮೇಲೆ ಹೆಲ್ಮೆಟ್ ಇರುತ್ತದೆ, ಸಂತೋಷ. ಆದರೆ ಸೈಕಲ್ ಹೆಲ್ಮೆಟ್ ಕಾಯುವುದು ನೆತ್ತಿಯನ್ನು. ಮುಂದಕ್ಕೆ ಮುಗ್ಗರಿಸಿದ ಮಗು ನೆಲಕ್ಕೆ ಕೊಡುವುದು ಗದ್ದವನ್ನು. ಗದ್ದದಡಿ ಚರ್ಮ ಸೀಳುತ್ತದೆ, ಹೊಲಿಗೆ ಹಾಕಿಸಿ ಐಸ್‌ಕ್ರೀಂ ಕೊಡಿಸಿ ಮನೆಗೆ ಬರುತ್ತೇವೆ.

ನಾನು ಆ ಸರ್ಜನ್‌ರಿಂದ ಕಲಿತ ಅತಿ ಮುಖ್ಯ ವಿಷಯ ಇದು. ಗದ್ದಕ್ಕೆ ಬಿದ್ದ ಏಟು ದವಡೆಯ ಉದ್ದಕ್ಕೂ ಓಡಿ ಕಿವಿಯ ಮುಂದೆ, ದವಡೆಯ ಕೀಲಿನಲ್ಲಿ ಮೂಳೆ ಮುರಿಯಬಹುದು. ಗಾಯ ಒಂದು ಕಡೆ, ಮುರಿತ ಇನ್ನೊಂದು ಕಡೆ. ಮಕ್ಕಳಲ್ಲಿ ದವಡೆ ಬೆಳೆಯುವ ತಾಣಗಳಲ್ಲಿ ಆ ಕೀಲೂ ಒಂದು. ಗುರುತಿಸದೆ ಬಿಟ್ಟರೆ ಕೆಲವರಲ್ಲಿ ಕೀಲು ತಲೆಬುರುಡೆಗೆ ಅಂಟಿಕೊಂಡು ಬಾಯಿ ತೆರೆಯದಂತಾಗುತ್ತದೆ, ಗದ್ದ ಹಿಂದಕ್ಕೇ ಉಳಿದುಬಿಡುತ್ತದೆ. ಅಂಥ ಮಕ್ಕಳನ್ನು ವರ್ಷಗಳ ನಂತರ ಕರೆತರುತ್ತಾರೆ, ಆಗ ಕೇಳಿದರೆ "ಚಿಕ್ಕವನಿದ್ದಾಗ ಬಿದ್ದು ಗದ್ದಕ್ಕೆ ಹೊಲಿಗೆ ಹಾಕಿದ್ದರು" ಎನ್ನುತ್ತಾರೆ ಎಂದು ಅವರು ಬೇಸರದಿಂದ ಹೇಳಿದರು. ಆದ್ದರಿಂದ ಗದ್ದ ಒಡೆದುಕೊಂಡ ಮಗು ಬಾಯಿ ಪೂರ್ತಿ ತೆರೆಯುತ್ತಿದೆಯೇ, ತೆರೆಯುವಾಗ ದವಡೆ ಒಂದು ಕಡೆಗೆ ವಾಲುತ್ತಿದೆಯೇ, ಕಿವಿಯ ಮುಂದೆ ಒತ್ತಿದರೆ ನೋವೇ ನೋಡಿ. ಇನ್ನೊಂದು: ಕಣ್ಣಿನ ಹತ್ತಿರ ಏಟು ತಿಂದ ಮಗುವಿನ ಕಣ್ಣು ಕೆಂಪಗಾಗದೆ ಬೆಳ್ಳಗೇ ಇದ್ದರೂ, ಮೇಲಕ್ಕೆ ನೋಡಲಾಗದೆ ವಾಂತಿ ಮಾಡಿಕೊಳ್ಳುತ್ತಿದ್ದರೆ ಅದು ಕೇವಲ ಹೆದರಿಕೆ ಇರಲಾರದು. ಕಣ್ಣಿನ ಗೂಡಿನ ತಳ ಬಾಗಿಲಿನಂತೆ ತೆರೆದು ಮುಚ್ಚಿಕೊಂಡು ಸ್ನಾಯುವನ್ನು ಹಿಡಿದಿಟ್ಟಿರಬಹುದು. ಅದು ಮಾತ್ರ ಎರಡು ವಾರ ಕಾಯುವ ವಿಷಯವಲ್ಲ, ಗಂಟೆಗಳ ಲೆಕ್ಕ.

ಬೇಸಿಗೆ ರಜೆಗೆ ಮನಾಲಿ, ಋಷಿಕೇಶದ ಕಡೆ ಹೋದರೆ ನಾಲ್ಕು ಚಕ್ರದ ಎಟಿವಿ ಬಾಡಿಗೆಗೆ ಸಿಗುತ್ತದೆ. ಕೊಡುವ ಹೆಲ್ಮೆಟ್ಟು ಎಷ್ಟೋ ಕಡೆ ಟೋಪಿಯಂಥದ್ದು, ಪಟ್ಟಿಯ ಕ್ಲಿಪ್ಪು ಕಿತ್ತಿರುತ್ತದೆ. ನಾನು ಕಾರಿನ ಡಿಕ್ಕಿಯಲ್ಲಿ ಗದ್ದ ಮುಚ್ಚುವ ಐಎಸ್‌ಐ ಗುರುತಿನ ಬೈಕ್ ಹೆಲ್ಮೆಟ್ಟು ಒಯ್ಯುತ್ತೇನೆ, ಹೆಂಡತಿ ನಗುತ್ತಾಳೆ, ನಗಲಿ. ಗೋ-ಕಾರ್ಟ್ ಹತ್ತುವವರು ಕೂದಲು, ದುಪಟ್ಟ ಕಟ್ಟಿಕೊಳ್ಳಬೇಕು. 2018ರ ಫೆಬ್ರವರಿಯಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಕಾರ್ಟಿನ ಚಕ್ರಕ್ಕೆ ಕೂದಲು ಸಿಕ್ಕಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡಳು.

ಹಲ್ಲಿನ ಮಾತು ಬಾಕಿ ಇದೆ. ಆಟದಲ್ಲಿ ಶಾಶ್ವತ ಹಲ್ಲು ಬೇರುಸಮೇತ ಉದುರಿದರೆ ಅದು ಸತ್ತಂತಲ್ಲ. ಬಿಳಿಯ ಭಾಗ ಹಿಡಿದು ಎತ್ತಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ನೀರಿನಲ್ಲೋ ಕೆಲವು ಕ್ಷಣ ಆಡಿಸಿ, ಸಾಧ್ಯವಾದರೆ ಅಲ್ಲೇ ಅದರ ಗುಳಿಗೆ ಕೂರಿಸಿ ಕರ್ಚೀಫು ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ದಂತವೈದ್ಯರ ಬಳಿ ಓಡಿ. ಅರ್ಧ ಗಂಟೆಯೊಳಗಾದರೆ ಬಹಳ ಒಳ್ಳೆಯದು. ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದರೆ ಬೇರಿನ ಜೀವಕೋಶ ಒಣಗಿಹೋಗುತ್ತದೆ. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು, ಕೆಳಗಿನ ಹಲ್ಲಿಗೆ ತೊಂದರೆ. ಹಾಲು ಯಾವುದಾದರೂ ನಡೆಯುತ್ತದೆ. 2024ರ ನವೆಂಬರಿನಿಂದ ದೆಹಲಿಯಲ್ಲಿ ನಂದಿನಿಯೂ ಸಿಗುತ್ತಿರುವುದರಿಂದ ಅಭಿಮಾನಿಗಳು ಅದನ್ನೇ ಬಳಸಬಹುದು. ಇನ್ನು ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಎತ್ತುವ ಹಳೇ ಪದ್ಧತಿ ಬೇಡ. ಮುಂದಕ್ಕೆ ಬಾಗಿ ಮೂಗಿನ ಮೆತ್ತಗಿನ ಭಾಗ ಒತ್ತಿ ಹಿಡಿಯಬೇಕು.

ನಮ್ಮ ಕೀಪರ್ ಫೆಬ್ರವರಿಯಲ್ಲಿ ಮತ್ತೆ ಮೈದಾನಕ್ಕೆ ಬಂದ. ತುಟಿಯ ಜೋಮು ಪೂರ್ತಿ ಹೋಗಿಲ್ಲ. ಕಾಫಿ ಕುಡಿಯುವಾಗ ಎಡಗಡೆ ಬಿಸಿ ತಿಳಿಯುವುದಿಲ್ಲವಂತೆ. ಅವನು ಬರುವ ಮೊದಲು ನಾವು ಹಣ ಹಾಕಿ ಇನ್ನೆರಡು ಹೆಲ್ಮೆಟ್ಟು ತಂದೆವು, ಒಂದು ಕೀಪರ್‌ಗೆ, ಒಂದು ಹತ್ತಿರ ನಿಲ್ಲುವವನಿಗೆ. ಕಾಕಾ ಮಾತ್ರ ಒಪ್ಪಿರಲಿಲ್ಲ. "ಏನ್ ತಮ್ಮಾ, ಕಿರ್ಮಾನಿ ಏನ್ ಹೆಲ್ಮೆಟ್ ಹಾಕ್ಕೊಂಡಿದ್ನೇನು? ಚಂದ್ರಾನ ಬಾಲ್ ಹಿಡದಾನ, ಪ್ರಸನ್ನನ ಬಾಲ್ ಹಿಡದಾನ!" ಎಂದರು. "ಕಾಕಾ, ಅಂವ ಕಿರ್ಮಾನಿ, ಇಂವ ಅಕೌಂಟ್ಸ್ ಸೆಕ್ಷನ್ನು" ಎಂದ ಹುಬ್ಬಳ್ಳಿಯ ಹುಡುಗ. ಕಾಕಾ ಐನೂರು ರೂಪಾಯಿ ತೆಗೆದು ಕೊಟ್ಟರು.

ಹೆಲ್ಮೆಟ್ ಹಾಕಿಕೊಂಡರೆ ಎಡ್ಜ್ ಆದ ಸದ್ದು ಕೇಳಿಸುವುದಿಲ್ಲ ಎಂಬುದು ಈಗ ಕೀಪರ್‌ನ ಹೊಸ ದೂರು. ಹಾಗಾಗಿ ಅಪೀಲು ಮಾಡುವ ಕೆಲಸವನ್ನು ಸದ್ಯಕ್ಕೆ ಸ್ಲಿಪ್‌ನಲ್ಲಿರುವ ಕಾಕಾಗೇ ಬಿಟ್ಟಿದ್ದೇವೆ. ಅವರು ಪ್ರತಿ ಬಾಲ್‌ಗೂ ಮಾಡುತ್ತಾರೆ.